ಹಡಗಿನ ಪಕ್ಕದ ಒಂದು ಗೆರೆ: ವರ್ತಕ ಶಾಸಕ ಪ್ಲಿಮ್ಸಾಲ್

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಉಪನ್ಯಾಸ)



ವಾರ್ಷಿಕೋತ್ಸವದ ಈ ಮಂಗಳ ಸಂದರ್ಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದವರು ನನಗೆ ಅಪ್ಪಣೆ ಮಾಡಿದ್ದಾರೆ. ಕನ್ನಡ ಪಾಠ ಹೇಳುವವನಿಂದ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತ ಉಪನ್ಯಾಸವನ್ನು ತಾವು ನಿರೀಕ್ಷಿಸಿದ್ದರೆ ಅದು ಸಹಜವೇ ಸರಿ. ಆದರೆ ಇಂದು ನಾನು ಆರಿಸಿಕೊಂಡಿರುವುದು ಕಡಲಾಚೆಯ ಒಬ್ಬ ಕಲ್ಲಿದ್ದಲ ವರ್ತಕನ ಚರಿತ್ರೆಯನ್ನು. ಆತನ ಹೆಸರು ಸ್ಯಾಮ್ಯುಯೆಲ್ ಪ್ಲಿಮ್ಸಾಲ್. ಕಾಸರಗೋಡಿನ ಕಡಲ ತಡಿಯಲ್ಲಿ ಬಾಳುವ ನಮಗೆ ಈ ಹೆಸರು ಅಪರಿಚಿತವಾಗಿರಬಹುದು. ಆತನು ಹಾಕಿಸಿದ ಗುರುತು ಮಾತ್ರ ಅಪರಿಚಿತವಲ್ಲ. ಇಲ್ಲಿಂದ ಉತ್ತರಕ್ಕೆ ಹೋಗಿ ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ನಿಂತ ದೊಡ್ಡ ಸರಕಿನ ಹಡಗುಗಳನ್ನು ನೋಡಿದವರು, ಅವುಗಳ ಪಕ್ಕದಲ್ಲಿ, ನಡುಭಾಗದಲ್ಲಿ, ಒಂದು ವೃತ್ತವನ್ನೂ ಅದನ್ನು ಅಡ್ಡಹಾಯುವ ಒಂದು ಗೆರೆಯನ್ನೂ ಕಂಡಿರುತ್ತಾರೆ. ಆ ಗೆರೆಯ ಹಿಂದಿರುವ ಮನುಷ್ಯನ ಕತೆಯೇ ಇಂದಿನ ನನ್ನ ವಿಷಯ.

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವಿದೆ. ವ್ಯಾಪಾರದಲ್ಲಿ ನುರಿತವರು ಶಾಸನಸಭೆಗೆ ಹೋಗುವುದು ಎಲ್ಲ ದೇಶಗಳಲ್ಲಿಯೂ ಕಾಣುವ ಸಂಗತಿ. ಆ ಬಗೆಗೆ ಜನರಲ್ಲಿ ಎರಡು ಅಭಿಪ್ರಾಯಗಳಿವೆ. ಹಣದ ಬೆಲೆ ಬಲ್ಲವನು, ನಾಲ್ಕು ಜನರನ್ನು ದುಡಿಸಿ ಗೊತ್ತಿರುವವನು, ಸರಕಾರದ ಕೆಲಸವನ್ನೂ ಚೆನ್ನಾಗಿ ನಡೆಸಿಯಾನು ಎಂಬುದು ಒಂದು. ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಕಣ್ಣಿಟ್ಟವನು ಸಭೆಯಲ್ಲಿ ಕುಳಿತರೂ ಅದನ್ನೇ ಕಾಯುತ್ತಾನೆ ಎಂಬುದು ಇನ್ನೊಂದು. ಎರಡಕ್ಕೂ ಬೇಕಾದಷ್ಟು ನಿದರ್ಶನಗಳು ದೊರೆಯುತ್ತವೆ. ಆದರೆ ವರ್ತಕನಾಗಿದ್ದಾಗ ಕಲಿತ ಲೆಕ್ಕವನ್ನು ಶಾಸಕನಾದ ಮೇಲೆ ಆತನು ಯಾರ ಪರವಾಗಿ ಬಿಡಿಸಿ ತೋರಿಸುತ್ತಾನೆ ಎಂಬುದೇ ನಿಜವಾದ ಪರೀಕ್ಷೆಯೆಂದು ನನಗೆ ತೋರುತ್ತದೆ. ಆ ಪರೀಕ್ಷೆಯಲ್ಲಿ ತೇರ್ಗಡೆಯಾದ ಒಬ್ಬನ ಜೀವನವನ್ನು ತಮ್ಮ ಮುಂದಿಡುತ್ತೇನೆ.

ಪ್ಲಿಮ್ಸಾಲ್ ಹುಟ್ಟಿದ್ದು 1824ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ. ಬೆಳೆದದ್ದು ಪೆನ್ರಿತ್ ಮತ್ತು ಶೆಫೀಲ್ಡ್ ಊರುಗಳಲ್ಲಿ. ಎಳೆಯ ವಯಸ್ಸಿನಲ್ಲಿಯೇ ಶಾಲೆ ಬಿಟ್ಟು, ಮದ್ಯ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಗುಮಾಸ್ತನಾಗಿ ಸೇರಿ, ಕ್ರಮವಾಗಿ ಅಲ್ಲಿಯೇ ಮೇನೇಜರನ ಪದವಿಗೆ ಏರಿದನು. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ವಸ್ತುಪ್ರದರ್ಶನಕ್ಕೆ ಸಂಬಂಧಿಸಿದಂತೆ ಗೌರವ ಕಾರ್ಯದರ್ಶಿಗಳಲ್ಲಿ ಒಬ್ಬನಾಗಿ ದುಡಿದನು. 1853ರಲ್ಲಿ ಸ್ವಂತ ವ್ಯಾಪಾರದ ಹಂಬಲ ಹೊತ್ತು ಲಂಡನ್ನಿಗೆ ಹೋಗಿ ಕಲ್ಲಿದ್ದಲ ವರ್ತಕನಾಗಲು ಯತ್ನಿಸಿದನು. ಕೈಹಾಕಿದ ಮೊದಲ ವ್ಯಾಪಾರವೇ ಮುಳುಗಿತು. ಕೈಯಲ್ಲಿ ಕಾಸಿಲ್ಲದೆ, ಕೂಲಿಗಳು ರಾತ್ರಿ ಕಳೆಯುವ ಅಗ್ಗದ ವಸತಿಗೃಹಗಳಲ್ಲಿ ತಂಗಬೇಕಾಗಿ ಬಂದಿತು.

ಈ ಸೋಲಿನ ಕಾಲವೇ ಆತನಿಗೆ ದೊಡ್ಡ ಪಾಠಶಾಲೆಯಾಯಿತು. ದಿನಗೂಲಿಯವರ ನಡುವೆ ಬಾಳಿದ ಆತನು, ಬಡವನು ಮತ್ತೊಬ್ಬ ಬಡವನಿಗೆ ತೋರಿಸುವ ಔದಾರ್ಯವನ್ನೂ ಪ್ರಾಮಾಣಿಕತೆಯನ್ನೂ ಕಣ್ಣಾರೆ ಕಂಡನು. ಮುಂದೆ ತಾನು ಬರೆದ ಗ್ರಂಥದಲ್ಲಿ ಅದನ್ನು ಮನಸಾರೆ ಸ್ಮರಿಸಿಕೊಂಡನು. ಕಾಲಕ್ರಮದಲ್ಲಿ ದೆಸೆ ತಿರುಗಿತು. ಯಾರ್ಕ್‌ಷೈರಿನ ಗಣಿಗಳ ಕಲ್ಲಿದ್ದಲನ್ನು ರೈಲಿನ ಮೂಲಕ ಲಂಡನ್ನಿಗೆ ತರಿಸಿ ಮಾರುವ ವ್ಯಾಪಾರ ಕೈಹಿಡಿಯಿತು. ರೈಲಿನ ಡಬ್ಬಿಯಿಂದ ಇಳಿಸುವಾಗ ಕಲ್ಲಿದ್ದಲು ಪುಡಿಯಾಗಿ ನಷ್ಟವಾಗದಂತೆ ಒಂದು ವಿಧಾನವನ್ನೂ ಕಂಡುಹಿಡಿದನು. ಕಲ್ಲಿದ್ದಲಿನ ಹೆಂಟೆ ಒಡೆಯದಂತೆ ಇಷ್ಟು ಜೋಪಾನ ಮಾಡುವ ವ್ಯಾಪಾರಿಗೆ, ಮನುಷ್ಯರ ಪ್ರಾಣವನ್ನು ಯಾರೂ ಹಾಗೆ ಜೋಪಾನ ಮಾಡುತ್ತಿಲ್ಲವೆಂಬ ಸಂಗತಿ ಮನಸ್ಸನ್ನು ಚುಚ್ಚಿದುದರಲ್ಲಿ ಆಶ್ಚರ್ಯವೇನು?

1865ರಲ್ಲಿ ಡರ್ಬಿ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಸ್ಪರ್ಧಿಸಿ ಸೋತನು. 1868ರಲ್ಲಿ ಅದೇ ಕ್ಷೇತ್ರದಿಂದ ಲಿಬರಲ್ ಪಕ್ಷದ ಸದಸ್ಯನಾಗಿ ಗೆದ್ದು ಕಾಮನ್ಸ್ ಸಭೆಯನ್ನು ಪ್ರವೇಶಿಸಿದನು. ಡರ್ಬಿ ಕಡಲಿನಿಂದ ದೂರದ ಒಳನಾಡು. ಅಲ್ಲಿಯ ಮತದಾರರಲ್ಲಿ ನಾವಿಕರು ಎಷ್ಟು ಮಂದಿ ಇದ್ದಾರು? ಓಟಿನ ಆಸೆಯಿಂದ ಆತನು ನಾವಿಕರ ಪಕ್ಷ ವಹಿಸಿದನೆಂದು ಯಾರೂ ಹೇಳುವಂತಿಲ್ಲ. ಹಡಗುಗಳ ಸುರಕ್ಷತೆಯ ಪ್ರಶ್ನೆಯನ್ನು ಅದಕ್ಕೆ ಮೊದಲೇ ಎತ್ತಿದವನು ಟೈನ್ ನದಿಯ ಪ್ರಾಂತದ ಜೇಮ್ಸ್ ಹಾಲ್ ಎಂಬ ಹಡಗಿನ ಒಡೆಯ. ಪ್ಲಿಮ್ಸಾಲ್ ಆ ಪ್ರಶ್ನೆಯನ್ನು ಕೈಗೆತ್ತಿಕೊಂಡು ತನ್ನ ಜೀವನದ ವ್ರತವನ್ನಾಗಿ ಮಾಡಿಕೊಂಡನು.

ಆ ಕಾಲದ ಹಡಗಿನ ವ್ಯಾಪಾರದ ಒಳಗುಟ್ಟನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಅದು ತಿಳಿಯದೆ ಮುಂದಿನ ಕತೆ ತಿಳಿಯದು. ಒಂದು ಹಡಗು ಕ್ಷೇಮವಾಗಿ ಸಾವಿರ ಟನ್ ಸರಕು ಹೊರಬಲ್ಲುದೆಂದು ಭಾವಿಸೋಣ. ಪ್ರಯಾಣದ ಖರ್ಚು, ನಾವಿಕರ ಸಂಬಳ, ಬಂದರಿನ ಸುಂಕ ಇವೆಲ್ಲ ಆ ಸಾವಿರ ಟನ್ನಿನ ಬಾಡಿಗೆಯಿಂದಲೇ ತೀರಿಹೋಗುತ್ತವೆ. ಅದರ ಮೇಲೆ ಇನ್ನೊಂದು ನೂರು ಟನ್ ಹೇರಿದರೆ, ಖರ್ಚು ಹೆಚ್ಚುಕಡಮೆ ಮೊದಲಿನಷ್ಟೇ. ಆ ನೂರು ಟನ್ನಿನ ಬಾಡಿಗೆ ಬಹುಮಟ್ಟಿಗೆ ನಿವ್ವಳ ಲಾಭ. ಹಾಗೆ ಹೇರಿದಂತೆಲ್ಲ ಹಡಗು ನೀರಿನಲ್ಲಿ ಇಳಿಯುತ್ತದೆ. ನೀರಿನ ಮಟ್ಟಕ್ಕೂ ಮೇಲಟ್ಟಕ್ಕೂ ನಡುವೆ ಇರಬೇಕಾದ ಒಣ ಎತ್ತರ ಕುಗ್ಗುತ್ತದೆ. ಬಿರುಗಾಳಿಯ ತೆರೆ ಸಲೀಸಾಗಿ ಒಳನುಗ್ಗುತ್ತದೆ. ಹಡಗು ಮುಳುಗಿದರೆ ಒಡೆಯನಿಗೆ ನಷ್ಟವಲ್ಲವೇ ಎಂದು ತಾವು ಕೇಳಬಹುದು. ವಿಮೆಯ ವ್ಯವಸ್ಥೆ ಇದ್ದುದರಿಂದ ಆ ಭಯವೂ ಇರಲಿಲ್ಲ. ಹಳೆಯ ಹಡಗನ್ನು ಅಗ್ಗಕ್ಕೆ ಕೊಂಡು, ಬಣ್ಣ ಬಳಿದು, ಹೊಸ ಹೆಸರಿಟ್ಟು, ಬೆಲೆಗೆ ಮೀರಿದ ಮೊತ್ತಕ್ಕೆ ವಿಮೆ ಮಾಡಿಸಿದವನಿಗೆ, ಹಡಗು ದಡ ಸೇರಿದರೂ ಲಾಭ, ಮುಳುಗಿದರೂ ಲಾಭ! ಇಂತಹವನ್ನು ಜನರು ‘ಶವಪೆಟ್ಟಿಗೆ ಹಡಗು’ಗಳೆಂದು ಕರೆದರು. ಎಲ್ಲ ಒಡೆಯರೂ ಹೀಗಿದ್ದರೆಂದಲ್ಲ. ಆದರೆ ಪ್ರಾಮಾಣಿಕನಾದವನು ಅಳತೆ ಮೀರದೆ ಹೇರಿದರೆ, ಅಳತೆ ಮೀರಿದವನ ಎದುರು ಪೈಪೋಟಿಯಲ್ಲಿ ಸೋಲುತ್ತಿದ್ದನು. ಕಾನೂನಿನ ಕಟ್ಟಿಲ್ಲದ ಸ್ಪರ್ಧೆಯು ಒಳ್ಳೆಯವನನ್ನೂ ಕೆಟ್ಟವನ ದಾರಿಗೆ ಎಳೆಯುತ್ತಿತ್ತು.

ನಾವಿಕನ ಪಾಡಂತೂ ಹೇಳತೀರದು. ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಹಡಗನ್ನು ಕಂಡು, ಅದರ ಸ್ಥಿತಿಗೆ ಹೆದರಿ, ‘ಇದನ್ನು ಏರಲಾರೆ’ ಎಂದವನಿಗೆ ಸೆರೆಮನೆಯೇ ಗತಿ. ಹಾಗೆ ನೂರಾರು ಮಂದಿ ಸೆರೆವಾಸ ಅನುಭವಿಸಿದರು. ಏರಿದರೆ ಕಡಲು, ಏರದಿದ್ದರೆ ಸೆರೆ. ಆ ಕಾಲದ ಆಂಗ್ಲ ಹಡಗುಗಳಲ್ಲಿ ಲಸ್ಕರರೆಂದು ಕರೆಯಲ್ಪಡುತ್ತಿದ್ದ ನಮ್ಮ ದೇಶದ ನಾವಿಕರೂ ದುಡಿಯುತ್ತಿದ್ದರೆಂಬುದನ್ನು ನಾವು ಮರೆಯಲಾಗದು.

ಈ ಲೆಕ್ಕವನ್ನು ಕವಿಯಾಗಲಿ ಧರ್ಮೋಪದೇಶಕನಾಗಲಿ ಬಿಡಿಸುವುದು ಕಷ್ಟ. ಬಾಡಿಗೆಯೆಂದರೇನು, ವಿಮೆಯೆಂದರೇನು, ಲಾಭ ಎಲ್ಲಿ ಅಡಗಿರುತ್ತದೆ ಎಂಬುದನ್ನು ಬಲ್ಲ ವ್ಯಾಪಾರಿಗೆ ಅದು ಸಾಧ್ಯವಾಯಿತು. 1873ರಲ್ಲಿ ಪ್ಲಿಮ್ಸಾಲ್ ‘ನಮ್ಮ ನಾವಿಕರು’ ಎಂಬ ಅರ್ಥದ ಹೆಸರುಳ್ಳ ಒಂದು ಗ್ರಂಥವನ್ನು ಪ್ರಕಟಿಸಿದನು. ಅದು ದೇಶದಲ್ಲೆಲ್ಲ ಕೋಲಾಹಲವನ್ನೆಬ್ಬಿಸಿತು. ಅದೇ ವರ್ಷ ಸರಕಾರವು ಒಂದು ರಾಯಲ್ ಕಮಿಷನ್ನನ್ನು ನೇಮಿಸಿತು. ಗ್ರಂಥದಲ್ಲಿ ಆತನು ಮಾಡಿದ ಆಪಾದನೆಗಳೆಲ್ಲ ತೂಗಿ ನೋಡಿದ ಮಾತುಗಳಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಅದರಿಂದಾಗಿ ಮಾನನಷ್ಟದ ಮೊಕದ್ದಮೆಗಳನ್ನು ಎದುರಿಸಿದನು. ಸಭೆಯ ಮುಂದೆ ಕ್ಷಮೆಯನ್ನೂ ಯಾಚಿಸಬೇಕಾಯಿತು. ಮೊಕದ್ದಮೆಗಳ ಖರ್ಚು ಆತನ ಸ್ವಂತ ಐಶ್ವರ್ಯದ ಮೇಲೆಯೇ ಬಿದ್ದಿತು. ಇತ್ತ ಕಮಿಷನ್ನಿನವರು ಭಾರದ ಗೆರೆಯನ್ನು ಕಡ್ಡಾಯಗೊಳಿಸುವ ಸಲಹೆಯನ್ನು ಒಪ್ಪಲಿಲ್ಲ. 1874ರಲ್ಲಿ ಪ್ಲಿಮ್ಸಾಲನ ಸ್ವಂತ ಮಸೂದೆಯು ಎರಡನೆಯ ವಾಚನದಲ್ಲಿ 170ಕ್ಕೆ ಎದುರಾಗಿ 173 ಮತಗಳಿಂದ, ಎಂದರೆ ಮೂರೇ ಮೂರು ಮತಗಳಿಂದ, ಬಿದ್ದುಹೋಯಿತು.

ಮಾರನೆಯ ವರ್ಷ ಡಿಸ್ರೇಲಿಯ ಸರಕಾರವೇ ಒಂದು ಮಸೂದೆಯನ್ನು ತಂದಿತು. ಆದರೆ 1875ನೆಯ ಜುಲೈ 22ರಂದು, ಕೃಷಿ ಹಿಡುವಳಿಗಳ ಮಸೂದೆಗೆ ಕಾಲ ಸಾಲದೆಂಬ ಕಾರಣವೊಡ್ಡಿ, ಹಡಗುಗಳ ಮಸೂದೆಯನ್ನು ಕೈಬಿಡಲಾಗುವುದೆಂದು ಪ್ರಧಾನಮಂತ್ರಿಯು ಸಭೆಗೆ ತಿಳಿಸಿದನು. ಚಳಿಗಾಲ ಮುಂದಿದೆ; ಮಸೂದೆ ಮುಂದಿನ ವರ್ಷಕ್ಕೆ ಹೋದರೆ ಅಷ್ಟರಲ್ಲಿ ಎಷ್ಟು ಹಡಗುಗಳು ಮುಳುಗಬಹುದು, ಎಷ್ಟು ಮನೆಗಳು ಅನಾಥವಾಗಬಹುದು! ಪ್ಲಿಮ್ಸಾಲನ ಸಹನೆಯ ಕಟ್ಟೆ ಒಡೆಯಿತು. ಸಭೆಯ ನಡುವೆ ಬಂದು ನಿಂತು, ಮುಷ್ಟಿ ಎತ್ತಿ, ನಾವಿಕರನ್ನು ಸಾವಿಗೆ ಕಳುಹುವವರನ್ನು ದುರುಳರೆಂದು ಕೂಗಿದನು. ಮಾತನ್ನು ಹಿಂತೆಗೆದುಕೊಳ್ಳೆಂದು ಸಭಾಧ್ಯಕ್ಷನು ಹೇಳಿದರೂ ಕೇಳದೆ ಹೊರನಡೆದನು. ಆತನ ನಡತೆಯ ವಿಚಾರವನ್ನು ಸಭೆಯು ಒಂದು ವಾರ ಮುಂದಕ್ಕೆ ಹಾಕಿತು. ವಾರ ಕಳೆದ ಮೇಲೆ ಬಂದು, ಆಡಿದ ಪದಗಳಿಗಾಗಿ ಕ್ಷಮೆ ಬೇಡಿದನು. ತಾನು ಹೇಳಿದ ಸಂಗತಿಗಳಲ್ಲಿ ಒಂದನ್ನೂ ಹಿಂತೆಗೆದುಕೊಳ್ಳಲಿಲ್ಲ.

ಸಭಾಮರ್ಯಾದೆಯನ್ನು ಮೀರಿದ ಈ ನಡತೆಯನ್ನು ನಾನು ವಿದ್ಯಾರ್ಥಿಗಳ ಮುಂದೆ ಆದರ್ಶವೆಂದು ಇಡಲಾರೆ. ಆದರೆ ಪದಗಳಿಗೆ ಕ್ಷಮೆ, ಸತ್ಯಕ್ಕೆ ನಿಷ್ಠೆ ಎಂಬ ಆ ವಿವೇಕವನ್ನು ಮಾತ್ರ ಅವಶ್ಯವಾಗಿ ಗಮನಿಸಬೇಕು. ಆ ಒಂದು ವಾರದಲ್ಲಿ ದೇಶವೇ ಎದ್ದು ನಿಂತಿತ್ತು. ಊರೂರಿನಲ್ಲಿ ಸಭೆಗಳಾದವು. ಕಾಲವಿಲ್ಲವೆಂದ ಸರಕಾರಕ್ಕೆ ಕಾಲ ಒದಗಿತು! ಅದೇ ಅಧಿವೇಶನದಲ್ಲಿ ಒಂದು ತಾತ್ಕಾಲಿಕ ಕಾಯಿದೆ ಅಂಗೀಕೃತವಾಗಿ, ಅಪಾಯಕರವಾದ ಹಡಗುಗಳನ್ನು ತಡೆದು ನಿಲ್ಲಿಸುವ ಅಧಿಕಾರ ವಾಣಿಜ್ಯ ಮಂಡಳಿಯ ಅಧಿಕಾರಿಗಳಿಗೆ ಬಂದಿತು. 1876ರಲ್ಲಿ ಶಾಶ್ವತವಾದ ವಾಣಿಜ್ಯ ನೌಕಾ ಕಾಯಿದೆ ಜಾರಿಗೆ ಬಂದು, ಹಡಗಿನ ಪಕ್ಕದಲ್ಲಿ ಭಾರದ ಗೆರೆ ಎಳೆಯುವುದು ಕಡ್ಡಾಯವಾಯಿತು.

ಇಲ್ಲಿಗೆ ಕತೆ ಮುಗಿಯಿತೆಂದು ಹೇಳಬಹುದಾಗಿದ್ದರೆ ಎಷ್ಟು ಚೆನ್ನಾಗಿತ್ತು! ಆ ಕಾಯಿದೆಯಲ್ಲಿ ಒಂದು ದೊಡ್ಡ ಕಿಂಡಿ ಉಳಿದುಹೋಗಿತ್ತು. ಗೆರೆ ಇರಲೇಬೇಕೆಂದು ಶಾಸನ ಹೇಳಿತು. ಆ ಗೆರೆ ಎಲ್ಲಿರಬೇಕೆಂಬುದನ್ನು ಹಡಗಿನ ಒಡೆಯನ ಇಚ್ಛೆಗೇ ಬಿಟ್ಟಿತು. ಒಬ್ಬ ಒಡೆಯನು ಹಡಗಿನ ಹೊಗೆಕೊಳವೆಯ ಮೇಲೆಯೇ ಗೆರೆ ಎಳೆಸಿದನೆಂದು ಒಂದು ಪರಿಹಾಸದ ಕತೆಯೂ ಹುಟ್ಟಿಕೊಂಡಿತು. ಹೊಲದ ಸುತ್ತ ಬೇಲಿ ಹಾಕಬೇಕು, ಎಲ್ಲಿ ಹಾಕಬೇಕೆಂಬುದನ್ನು ದನವೇ ನಿಶ್ಚಯಿಸಲಿ ಎಂದಂತಾಯಿತು. ಲಾಯ್ಡ್ಸ್ ರಿಜಿಸ್ಟರ್ ಎಂಬ ನೌಕಾ ಸಂಸ್ಥೆಯು 1882ರಲ್ಲಿ ವೈಜ್ಞಾನಿಕವಾದ ಕೋಷ್ಟಕಗಳನ್ನು ಸಿದ್ಧಪಡಿಸಿದ ಮೇಲೆ, ಅಂತಹ ಲೆಕ್ಕಾಚಾರಗಳ ಆಧಾರದಿಂದ 1890ರಲ್ಲಿ ಗೆರೆಯ ಸ್ಥಾನವನ್ನೇ ಕಾನೂನು ಗೊತ್ತುಪಡಿಸಿತು. ಕಾಯಿದೆಯ ಹೆಸರಿಗೂ ಕಾಯಿದೆಯ ಹುರುಳಿಗೂ ನಡುವೆ ಹದಿನಾಲ್ಕು ವರ್ಷಗಳ ಅಂತರ! ಶಾಸನವೊಂದು ಪಾಸಾಯಿತೆಂದು ಕೇಳಿದಾಗ, ಅದರಲ್ಲಿ ಗೆರೆ ಎಲ್ಲಿ ಬಿದ್ದಿದೆ, ಅದನ್ನು ಎಳೆಯುವ ಕೈ ಯಾರದು ಎಂದು ಕೇಳುವುದನ್ನು ಪ್ರಜೆಗಳಾದ ನಾವು ಇದರಿಂದ ಕಲಿಯಬೇಕು.

ಇನ್ನು 1880ರ ಸಂಗತಿ. ಆ ವರ್ಷದ ಚುನಾವಣೆಯಲ್ಲಿ ಪ್ಲಿಮ್ಸಾಲ್ ಡರ್ಬಿಯಿಂದ ಮತ್ತೆ ಭಾರಿ ಬಹುಮತದಿಂದ ಗೆದ್ದನು. ಆಗ ಹೊಸ ಸರಕಾರದ ಗೃಹಮಂತ್ರಿಯಾಗಿದ್ದ ವಿಲಿಯಂ ಹಾರ್ಕೋರ್ಟ್, ಆಕ್ಸ್‌ಫರ್ಡಿನ ಉಪಚುನಾವಣೆಯಲ್ಲಿ ಸೋತು ಸ್ಥಾನವಿಲ್ಲದವನಾದನು. ಮಂತ್ರಿಯಾದವನಿಂದ ನಾವಿಕರಿಗೆ ತನಗಿಂತ ಹೆಚ್ಚಿನ ಉಪಕಾರವಾದೀತೆಂದು ನಂಬಿ, ಪ್ಲಿಮ್ಸಾಲ್ ತನ್ನ ಸ್ಥಾನವನ್ನು ಆತನಿಗೆ ಬಿಟ್ಟುಕೊಟ್ಟನು. ನಿರೀಕ್ಷಿಸಿದ ಫಲ ದೊರೆಯಲಿಲ್ಲ. ತನ್ನ ಪಕ್ಷದ ನಾಯಕರು ನಾವಿಕರನ್ನು ಮರೆತರೆಂಬ ನೋವು ಆತನಲ್ಲಿ ಉಳಿಯಿತು. 1885ರಲ್ಲಿ ಶೆಫೀಲ್ಡಿನ ಒಂದು ಕ್ಷೇತ್ರದಿಂದ ಸ್ಪರ್ಧಿಸಿ ಸೋತ ಮೇಲೆ ಪಾರ್ಲಿಮೆಂಟಿನ ಬಾಗಿಲು ಆತನಿಗೆ ಮತ್ತೆ ತೆರೆಯಲಿಲ್ಲ. ಆದರೂ ಸುಮ್ಮನಿರಲಿಲ್ಲ. ನಾವಿಕರ ಸಂಘದ ಅಧ್ಯಕ್ಷನಾದನು. ಹಡಗುಗಳಲ್ಲಿ ಸಾಗಿಸುವ ದನಗಳ ಹಿಂಸೆಯನ್ನು ಕುರಿತು 1890ರಲ್ಲಿ ಬರೆದನು. ಅಮೆರಿಕೆಗೆ ಹೋಗಿ, ಅಲ್ಲಿಯ ಶಾಲೆಗಳ ಚರಿತ್ರೆಯ ಪುಸ್ತಕಗಳು ಮಕ್ಕಳಲ್ಲಿ ಬ್ರಿಟನ್ನಿನ ಮೇಲೆ ದ್ವೇಷ ಬಿತ್ತದಂತಿರಬೇಕೆಂದು ಶ್ರಮಿಸಿದನು. 1898ನೆಯ ಜೂನ್ 3ರಂದು ಫೋಕ್‌ಸ್ಟನ್ ಎಂಬ ಕಡಲ ತೀರದ ಊರಿನಲ್ಲಿ ತೀರಿಕೊಂಡನು.

ಈಗ ಒಂದು ಸಂದೇಹವನ್ನು ಎದುರಿಸಬೇಕು. ಪ್ಲಿಮ್ಸಾಲ್ ಮಾರುತ್ತಿದ್ದುದು ರೈಲಿನಲ್ಲಿ ಬರುವ ಕಲ್ಲಿದ್ದಲು. ಲಂಡನ್ನಿಗೆ ಕಡಲಿನ ಮಾರ್ಗವಾಗಿಯೂ ಕಲ್ಲಿದ್ದಲು ಬರುತ್ತಿತ್ತು. ಹಡಗುಗಳಿಗೆ ಕಟ್ಟು ಬಿದ್ದರೆ ರೈಲಿನ ವರ್ತಕನಿಗೆ ಲಾಭವಲ್ಲವೇ? ಪ್ರಶ್ನೆ ನ್ಯಾಯವಾದದ್ದೇ. ವರ್ತಕನಾದ ಶಾಸಕನನ್ನು ಹೀಗೆ ಕೇಳಲೇಬೇಕು. ಉತ್ತರವನ್ನು ಆತನ ಮಾತಿನಲ್ಲಿ ಹುಡುಕದೆ ನಡತೆಯಲ್ಲಿ ಹುಡುಕಬೇಕು. ಆತನು ಕೇಳಿದ ಗೆರೆ ಕಲ್ಲಿದ್ದಲಿನ ಹಡಗಿಗೆ ಮಾತ್ರವಾಗಿರದೆ, ಧಾನ್ಯ, ಮರಮಟ್ಟು, ಕಬ್ಬಿಣ ಯಾವುದನ್ನು ಹೊರುವ ಹಡಗಿಗೂ ಸಲ್ಲುವಂತಹುದಾಗಿತ್ತು. ಈ ಹೋರಾಟದಲ್ಲಿ ಆತನು ಗಳಿಸಿದ್ದಕ್ಕಿಂತ ಕಳೆದದ್ದೇ ಹೆಚ್ಚು. ಕೊನೆಗೆ, ಗೆದ್ದ ಸ್ಥಾನವನ್ನೇ ಇನ್ನೊಬ್ಬನಿಗೆ ಬಿಟ್ಟುಕೊಟ್ಟನು. ಲಾಭಕ್ಕಾಗಿ ಸಭೆಗೆ ಹೋದವನು ಕುರ್ಚಿಯನ್ನು ಹೀಗೆ ಬಿಟ್ಟೇಳುವುದನ್ನು ನಾವು ಕಂಡಿಲ್ಲ.

ಮಾನ್ಯರೇ, ಇದೆಲ್ಲ ಪಶ್ಚಿಮದ ಮಾತಾಯಿತು, ನಮ್ಮಲ್ಲಿ ಇಂತಹ ವಿಚಾರವಿರಲಿಲ್ಲವೇ ಎಂದು ಕೇಳುವವರಿಗೆ ಒಂದು ಮಾತು. ಮೈಸೂರಿನ ಪ್ರಾಚ್ಯ ಪುಸ್ತಕಾಲಯದ ಪಂಡಿತರಾಗಿದ್ದ ಆರ್. ಶಾಮಶಾಸ್ತ್ರಿಗಳು ತಾಳೆಗರಿಯಿಂದ ಎತ್ತಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾವಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ಹೇಳುವ ಪ್ರಕರಣವೊಂದಿದೆ. ಸಾಕಷ್ಟು ಆಳುಗಳಿಲ್ಲದೆ, ಸಲಕರಣೆಗಳಿಲ್ಲದೆ, ಅಥವಾ ದುರಸ್ತಿಯಾಗದೆ ದೋಣಿ ಹಾಳಾದರೆ, ಆದ ನಷ್ಟವನ್ನು ನಾವಧ್ಯಕ್ಷನೇ ತುಂಬಿಕೊಡಬೇಕೆಂದು ಅಲ್ಲಿ ವಿಧಿಸಲಾಗಿದೆ. ಹೊರೆ ಹೊರಿಸುವವನೇ ಹೊಣೆಯನ್ನೂ ಹೊರಬೇಕೆಂಬ ಈ ನೀತಿ ನಮ್ಮ ಹಿರಿಯರಿಗೂ ತಿಳಿದಿತ್ತು. ಸೇತುವೆಗಳು ಬರುವ ಮುನ್ನ ಚಂದ್ರಗಿರಿ ಹೊಳೆಯನ್ನು ದಾಟಿಸುತ್ತಿದ್ದ ದೋಣಿಗಾರನಿಗೂ ಮಂಗಳೂರಿನ ಹಂಚು ಹೊತ್ತು ಸಾಗುತ್ತಿದ್ದ ಮಂಜಿಗಳ ತಂಡೇಲನಿಗೂ ಇದು ಅನುಭವದ ಮಾತು. ‘ಇನ್ನು ಹಿಡಿಸದು’ ಎಂದು ದೋಣಿಗಾರನು ಹೇಳಬಲ್ಲನು. ಏಕೆಂದರೆ ದೋಣಿಯಲ್ಲಿ ಆತನೂ ಇರುತ್ತಾನೆ. ದೂರದ ಪಟ್ಟಣದಲ್ಲಿ ಕುಳಿತು ಲೆಕ್ಕದ ಪುಸ್ತಕ ನೋಡುವ ಒಡೆಯನು ದೋಣಿಯಲ್ಲಿರುವುದಿಲ್ಲ. ಆತನ ಪರವಾಗಿ ಆ ಮಾತನ್ನು ಕಾನೂನೇ ಹೇಳಬೇಕಾಗುತ್ತದೆ. ಪ್ಲಿಮ್ಸಾಲನ ಗೆರೆ ಎಂದರೆ ಇಷ್ಟೇ: ಹಡಗಿನ ಮೈಮೇಲೆ ಬರೆದ ‘ಇನ್ನು ಹಿಡಿಸದು’ ಎಂಬ ಮಾತು.

ಆ ಮಾತು ಇಂದು ಜಗತ್ತಿನ ಮಾತಾಗಿದೆ. 1906ರಲ್ಲಿ ಬ್ರಿಟನ್ನಿನ ಬಂದರುಗಳಿಗೆ ಬರುವ ಪರದೇಶದ ಹಡಗುಗಳಿಗೂ ಈ ನಿಯಮ ಅನ್ವಯಿಸಿತು. ಅದೇ ಕಾಲದಲ್ಲಿ ಹಡಗುಗಳನ್ನು ಮೊದಲಿಗಿಂತ ತುಸು ಆಳಕ್ಕೆ ಹೇರಲು ಅವಕಾಶ ಕೊಟ್ಟರೆಂಬ ಟೀಕೆಯೂ ಎದ್ದಿತು. ಗೆರೆಯನ್ನು ಎಳೆದರೆ ಸಾಲದು, ಅದನ್ನು ಕಾಯಲೂ ಬೇಕು. 1930ರಲ್ಲಿ ಲಂಡನ್ನಿನಲ್ಲಿ ಸೇರಿದ ರಾಷ್ಟ್ರಗಳು ಭಾರದ ಗೆರೆಯ ಒಡಂಬಡಿಕೆ ಮಾಡಿಕೊಂಡವು. 1966ರಲ್ಲಿ ಅದು ಹೊಸ ರೂಪ ಪಡೆಯಿತು. ಸ್ವತಂತ್ರ ಭಾರತದ 1958ರ ವಾಣಿಜ್ಯ ನೌಕಾ ಕಾಯಿದೆಯಲ್ಲಿಯೂ ಭಾರದ ಗೆರೆಯ ವಿಧಿಗಳು ಸೇರಿದವು. ವೃತ್ತದ ಬಳಿಯಲ್ಲಿ ಏಣಿಯ ಮೆಟ್ಟಿಲುಗಳಂತೆ ಸಣ್ಣ ಗೆರೆಗಳೂ ಅಕ್ಷರಗಳೂ ಇರುತ್ತವೆ. ‘ಟಿ’ ಎಂದರೆ ನಮ್ಮಂತಹ ಉಷ್ಣವಲಯದ ಕಡಲು, ‘ಎಸ್’ ಎಂದರೆ ಬೇಸಗೆ, ‘ಡಬ್ಲ್ಯು’ ಎಂದರೆ ಚಳಿಗಾಲ. ಸಿಹಿನೀರಿಗೆ ಒಂದು ಗೆರೆ. ಉತ್ತರ ಅಟ್ಲಾಂಟಿಕ್ ಸಾಗರದ ಉಗ್ರವಾದ ಚಳಿಗಾಲಕ್ಕೆ ಎಲ್ಲಕ್ಕಿಂತ ಕೆಳಗಿನ ಗೆರೆ. ಕಡಲು ಎಷ್ಟು ಕಠಿಣವೋ ಹೊರೆ ಅಷ್ಟು ಕಡಮೆಯಾಗಬೇಕೆಂಬ ಕರುಣೆ ಆ ಗಣಿತದಲ್ಲಿಯೇ ಅಡಗಿದೆ.

1929ರಲ್ಲಿ ನಾವಿಕರ ಸಂಘದವರು ಲಂಡನ್ನಿನಲ್ಲಿ, ಥೇಮ್ಸ್ ನದಿಯ ದಂಡೆಯ ಮೇಲೆ, ಪ್ಲಿಮ್ಸಾಲನ ಸ್ಮಾರಕವನ್ನು ನಿಲ್ಲಿಸಿದರು. ಬದುಕಿ ಮನೆಗೆ ಮರಳಿದವರು ಕಟ್ಟಿಸಿದ ಸ್ಮಾರಕ ಅದು. ಶಾಸಕನೊಬ್ಬನಿಗೆ ಇದಕ್ಕಿಂತ ಹೆಚ್ಚಿನ ಸನ್ಮಾನ ಬೇರೆ ಯಾವುದಿದ್ದೀತು?

ಇಲ್ಲಿ ನೆರೆದಿರುವವರಲ್ಲಿ ವರ್ತಕರಿದ್ದೀರಿ. ಪಂಚಾಯತಿಗಳಲ್ಲಿ, ಪುರಸಭೆಗಳಲ್ಲಿ ಸೇವೆ ಸಲ್ಲಿಸಿದವರಿದ್ದೀರಿ. ಮುಂದೆ ಸಲ್ಲಿಸಬೇಕಾದ ತರುಣರೂ ಇದ್ದೀರಿ. ವ್ಯಾಪಾರದಲ್ಲಿ ಗಳಿಸಿದ ಹಣ ಅವರವರದು. ವ್ಯಾಪಾರದಲ್ಲಿ ಗಳಿಸಿದ ತಿಳಿವಳಿಕೆಯನ್ನು ಮಾತ್ರ ಹೊರೆ ಹೊರುವವರಿಗೆ ಸಲ್ಲಬೇಕಾದ ಋಣವೆಂದು ಎಣಿಸಿದವನು ಪ್ಲಿಮ್ಸಾಲ್. ಆ ಋಣವನ್ನು ಆತನು ಸಭೆಯಲ್ಲಿ ನಿಂತು ತೀರಿಸಿದನು. ಜನರು ನಮ್ಮನ್ನು ಆರಿಸಿ ಎಲ್ಲಿ ಕುಳ್ಳಿರಿಸಿದರೂ, ಅಲ್ಲಿ ನಾವು ಬಲ್ಲ ಲೆಕ್ಕವನ್ನು ಅವರ ಪರವಾಗಿ ಬಿಡಿಸಿ ಹೇಳುವ ಧೈರ್ಯ ನಮಗೆ ಬರಲಿ ಎಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.